ಹೊರಡುವ ಮುಂಚೆ ಹತ್ತು ನಿಮಿಷ

(ತೋಟದ ಟ್ರೇಲರಿನ ಪರೀಕ್ಷೆ ಮತ್ತು ಜೋಪಾಸನೆಯ ವಿಷಯವಾಗಿ ಕಾರ್ಮಿಕರ ಕೂಟದಲ್ಲಿ ಆಡಿದ ಮಾತು)



ಇಂದಿನ ಕೂಟದಲ್ಲಿ ನೀವು ಮಾತಾಡಬೇಕೆಂದು ಹಿರಿಯರು ಹೇಳಿದಾಗ ನಾವು ಹಿಂಜರಿದೆವು. ನಾವು ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿಯುವವರು, ಟ್ರಾಕ್ಟರ್ ಓಡಿಸುವವರು, ಸೊಪ್ಪಿನ ಮೂಟೆ ಏರಿಸುವವರು. ನಿಂತು ಭಾಷಣ ಮಾಡಿ ನಮಗೆ ಅಭ್ಯಾಸವಿಲ್ಲ. ಆದರೂ ನಮ್ಮ ಮನಸ್ಸಿನ ಮೇಲೆ ಬಹಳ ದಿನದಿಂದ ಒಂದು ಭಾರವಿದೆ. ಅದನ್ನು ನಿಮ್ಮ ಮುಂದೆ ಇಳಿಸಿ, ಕೈಕೆಲಸದಿಂದ ನಮಗೆ ತಿಳಿದಿರುವ ಕೆಲವು ಸಂಗತಿಗಳನ್ನು ಹೇಳೋಣವೆಂದು ಬಂದಿದ್ದೇವೆ. ವಿಷಯ ದೊಡ್ಡದೇನಲ್ಲ. ದಿನಾಲೂ ನಮ್ಮ ಲೈನು ಮನೆಗಳ ಮುಂದೆ ಓಡಾಡುವ ಟ್ರೇಲರಿನ ವಿಷಯ.

ನಮ್ಮ ಅಜ್ಜಂದಿರಲ್ಲಿ ಅನೇಕರು ಗುಂಡ್ಲುಪೇಟೆ, ಚಾಮರಾಜನಗರದ ಕಡೆಯಿಂದ ಈ ಬೆಟ್ಟಗಳಿಗೆ ಕೂಲಿಗೆ ಬಂದವರು. ಅವರಿಗೆ ಎತ್ತಿನ ಗಾಡಿ ಚೆನ್ನಾಗಿ ಗೊತ್ತಿತ್ತು. ಗಾಡಿ ಕಟ್ಟುವ ಮುಂಚೆ ಅವರು ಏನು ಮಾಡುತ್ತಿದ್ದರೆಂದು ವಯಸ್ಸಾದವರು ನೆನಪು ಮಾಡಿಕೊಳ್ಳಿ. ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಚಕ್ರವನ್ನು ಕೈಯಿಂದ ಅಲ್ಲಾಡಿಸಿ ನೋಡುತ್ತಿದ್ದರು. ಚಕ್ರ ಹೊರಗೆ ಜಾರದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯನ್ನು ಮುಟ್ಟಿ ನೋಡದೆ ಎತ್ತಿನ ಕೊರಳಿಗೆ ನೊಗ ಇಡುತ್ತಿರಲಿಲ್ಲ. ಕಡಾಣಿಯೆಂದರೆ ಬೆರಳುದ್ದದ ಕಬ್ಬಿಣ. ಅದು ಬಿದ್ದುಹೋದರೆ ಚಕ್ರ ಒಂದು ಕಡೆ, ಗಾಡಿ ಒಂದು ಕಡೆ. ಎತ್ತಿನ ಗಾಡಿ ಹೋಗುವುದು ಮನುಷ್ಯನ ನಡಿಗೆಯ ವೇಗದಲ್ಲಿ. ಅಷ್ಟು ನಿಧಾನದ ಗಾಡಿಗೇ ಅವರು ಅಷ್ಟು ಜಾಗ್ರತೆ ಮಾಡುತ್ತಿದ್ದರು. ನಾವೋ ಅದರ ಹಲವು ಪಟ್ಟು ಭಾರವನ್ನು ಟ್ರಾಕ್ಟರಿಗೆ ಕಟ್ಟಿ ಇಳಿಜಾರಿನಲ್ಲಿ ಓಡಿಸುತ್ತೇವೆ. ಆದರೆ ಮುಟ್ಟಿ ನೋಡುವ ಆ ಪದ್ಧತಿಯನ್ನು ಗಾಡಿಯ ಜೊತೆಗೇ ಊರಲ್ಲಿ ಬಿಟ್ಟು ಬಂದೆವು.

ನಮ್ಮ ಭಾರವೆಂದೆವಲ್ಲಾ, ಅದು ಇದು. ಕೆಲವು ವರುಷಗಳ ಹಿಂದೆ ನಾವು ಕೆಲಸ ಮಾಡುತ್ತಿದ್ದ ತೋಟದಲ್ಲಿ ಟ್ರೇಲರನ್ನು ಟ್ರಾಕ್ಟರಿಗೆ ಸೇರಿಸುವ ಪಿನ್ನಿನ ಕ್ಲಿಪ್ಪು ಕಳೆದುಹೋಯಿತು. ಯಾರೋ ಅದರ ಬದಲಿಗೆ ಕಟ್ಟುತಂತಿ ಸುತ್ತಿದರು. ಸಂಜೆ ಸರಿಮಾಡೋಣ ಎಂದರು. ಸಂಜೆ ಸ್ಟೋರಿನ ಬಾಗಿಲು ಹಾಕಿತ್ತು. ಮರುದಿನ ಸೊಪ್ಪು ಹೆಚ್ಚಾಗಿತ್ತು, ಬಿಡುವಾಗಲಿಲ್ಲ. ಹೀಗೆ ಮೂರು ದಿನ ಕಳೆಯಿತು. ಮೂರು ದಿನವೂ ಆ ತಂತಿಯನ್ನು ಡ್ರೈವರು ಕಂಡನು, ಮೇಸ್ತ್ರಿ ಕಂಡನು, ನಾವೂ ಕಂಡೆವು. ಯಾರೂ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅದೇ ಟ್ರೇಲರಿನಲ್ಲಿ ಹೆಂಗಸರು ಮೇಲಿನ ಫೀಲ್ಡಿಗೆ ಹೋದರು. ಮಧ್ಯಾಹ್ನ ಸೊಪ್ಪು ತುಂಬಿಕೊಂಡು ಏರು ಹತ್ತುವಾಗ ತಂತಿ ಹರಿಯಿತು. ಗುಂಡಿಯಲ್ಲಿ ಕುಲುಕಿದಾಗ ಪಿನ್ನು ಮೇಲಕ್ಕೆದ್ದು ಬಿತ್ತು. ಟ್ರಾಕ್ಟರ್ ಮುಂದೆ ಹೋಯಿತು, ಟ್ರೇಲರ್ ಹಿಂದಕ್ಕೆ ಉರುಳಿತು. ಒಂದು ಸಿಲ್ವರ್ ಓಕ್ ಮರ ಅದನ್ನು ತಡೆಯಿತು. ಆದರೆ ಮರ ತಡೆಯುವ ಮುಂಚೆ, ಹಿಂದೆ ನಡೆದು ಬರುತ್ತಿದ್ದ ಸಹಾಯಕ ಹುಡುಗನ ಕಾಲಿನ ಮೇಲೆ ಚಕ್ರ ಹಾದುಹೋಗಿತ್ತು. ಅವನು ಬದುಕಿದನು. ಇಂದಿಗೂ ಕೋಲು ಹಿಡಿದೇ ನಡೆಯುತ್ತಾನೆ. ಕ್ಲಿಪ್ಪಿನ ಬೆಲೆ ಕೆಲವೇ ರೂಪಾಯಿ. ಬೆಳಿಗ್ಗೆಯೇ ಅದು ಕಳಚಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ನಮಗೆ ಇನ್ನೂ ಧೈರ್ಯ ಬರುವುದಿಲ್ಲ.

ಇಂಥ ದುಃಖ ನಮ್ಮ ತೋಟದ್ದು ಮಾತ್ರವಲ್ಲ. ೨೦೨೩ರ ಆಗಸ್ಟ್ ೨೫ರಂದು ವಯನಾಡಿನಲ್ಲಿ, ಮಾನಂತವಾಡಿಯ ಹತ್ತಿರದ ತಲಪ್ಪುಳದಲ್ಲಿ, ಚಹಾ ಸೊಪ್ಪು ಕಿತ್ತು ಮನೆಗೆ ಹೊರಟಿದ್ದ ಹೆಂಗಸರ ಜೀಪು ಕಂದಕಕ್ಕೆ ಬಿದ್ದು ೯ ಮಂದಿ ತೀರಿಕೊಂಡರು. ೨೦೨೫ರ ಏಪ್ರಿಲ್ ೪ರಂದು ಮಹಾರಾಷ್ಟ್ರದ ನಾಂದೇಡ ಜಿಲ್ಲೆಯಲ್ಲಿ ಹೊಲದ ಕೂಲಿಗೆ ಹೋಗುತ್ತಿದ್ದ ಹೆಂಗಸರನ್ನು ಹೊತ್ತ ಟ್ರಾಕ್ಟರು ಟ್ರೇಲರಿನ ಸಮೇತ ಬಾವಿಗೆ ಬಿದ್ದು ೭ ಮಂದಿ ತೀರಿಕೊಂಡರು. ಒಂದೊಂದು ಅಪಘಾತದ ಕಾರಣ ಒಂದೊಂದು ಇರಬಹುದು. ಸತ್ತವರು ಮಾತ್ರ ನಮ್ಮಂಥವರೇ, ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟವರು.

ಇನ್ನು ವಿಷಯಕ್ಕೆ ಬರೋಣ. ಟ್ರಾಕ್ಟರು ಟ್ರೇಲರನ್ನು ಎಳೆಯುತ್ತದೆಂದು ನಾವೆಲ್ಲರೂ ತಿಳಿದಿದ್ದೇವೆ. ಅದು ಸಮನೆಲದ ಮಾತು. ಇಳಿಜಾರಿನಲ್ಲಿ ಟ್ರೇಲರೇ ಟ್ರಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ. ಎಷ್ಟು ಬಲದಿಂದ? ಹತ್ತು ಅಡಿ ಹೋದರೆ ಒಂದು ಅಡಿ ಇಳಿಯುವ ದಾರಿಯನ್ನು ತೆಗೆದುಕೊಳ್ಳಿ. ನಮ್ಮ ಬೆಟ್ಟದಲ್ಲಿ ಅದು ದೊಡ್ಡ ಇಳಿಜಾರೇ ಅಲ್ಲ. ಟ್ರೇಲರು, ಸರಕು ಎರಡೂ ಸೇರಿ ಮೂರು ಟನ್ ಇದ್ದರೆ, ಆ ದಾರಿಯಲ್ಲಿ ಅದು ಸುಮಾರು ೩೦೦ ಕಿಲೋ ಬಲದಿಂದ ಟ್ರಾಕ್ಟರಿನ ಬೆನ್ನು ನೂಕುತ್ತದೆ. ೫೦ ಕಿಲೋದ ಆರು ಕಾಫಿ ಮೂಟೆಗಳು ಒಬ್ಬನ ಬೆನ್ನ ಮೇಲೆ ಕೂತು ಇಳಿ ಇಳಿ ಎಂದು ತಳ್ಳಿದಂತೆ. ನಮ್ಮ ಕಡೆಯ ಬಹಳ ಟ್ರೇಲರುಗಳಿಗೆ ಸ್ವಂತ ಬ್ರೇಕು ಇಲ್ಲ. ಆ ತಳ್ಳಾಟವನ್ನೆಲ್ಲ ಟ್ರಾಕ್ಟರಿನ ಬ್ರೇಕೇ ತಾಳಬೇಕು. ಅದಲ್ಲದೆ ವೇಗ ಎರಡರಷ್ಟಾದರೆ ನಿಲ್ಲಿಸಲು ಬೇಕಾಗುವ ದೂರ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟಾಗುತ್ತದೆ. ಇಷ್ಟು ಬಲವನ್ನು ಹಿಡಿದಿಡುವುದು ಒಂದು ಪಿನ್ನು, ಒಂದು ಕೊಂಡಿ, ಕೆಲವು ನಟ್ಟುಗಳು. ಆದಕಾರಣ ಅವುಗಳನ್ನು ದಿನಾಲೂ ನೋಡಬೇಕು.

ಹೇಗೆ ನೋಡುವುದು? ಮುಂದಿನಿಂದ ಶುರುಮಾಡಿ ಬಲಗಡೆಯಿಂದ ಸುತ್ತಿ ಮತ್ತೆ ಮುಂದಕ್ಕೆ ಬನ್ನಿ. ದಿನಾಲೂ ಒಂದೇ ಕ್ರಮದಲ್ಲಿ ಸುತ್ತಿದರೆ ಯಾವುದೂ ಮರೆತುಹೋಗದು.

ಮೊದಲನೆಯದು ಪಿನ್ನು. ಪಿನ್ನನ್ನು ಪೂರಾ ಹೊರಗೆ ತೆಗೆದು ಬಟ್ಟೆಯಿಂದ ಒರೆಸಿ ನೋಡಿರಿ. ನಡುವೆ ಸವೆದು ಸೊಂಟ ಬಿದ್ದಿದ್ದರೆ ಅದರ ಆಯುಷ್ಯ ಮುಗಿಯಿತು. ಬಾಗಿದ್ದರೆ ಬಡಿದು ನೇರ ಮಾಡಿ ಮತ್ತೆ ಹಾಕಬೇಡಿರಿ. ಪಿನ್ನು ಸಿಗಲಿಲ್ಲವೆಂದು ಕಟ್ಟಡದ ಕಂಬಿಯನ್ನೋ ಸಿಕ್ಕಿದ ಬೋಲ್ಟನ್ನೋ ತೂರಿಸುವುದು ನಾವು ಕಂಡ ದೊಡ್ಡ ತಪ್ಪು. ಪಿನ್ನಿನ ಉಕ್ಕು ಬೇರೆ, ಕಂಬಿಯ ಕಬ್ಬಿಣ ಬೇರೆ. ಪಿನ್ನನ್ನು ಮೇಲಿನಿಂದ ಕೆಳಕ್ಕೆ ಹಾಕಬೇಕು. ಕೆಳಗೆ ಕ್ಲಿಪ್ಪು ಇರಲೇಬೇಕು. ತಂತಿ, ಮೊಳೆ, ಹಗ್ಗ ಇವು ಕ್ಲಿಪ್ಪಲ್ಲ. ಎರಡು ಕ್ಲಿಪ್ಪು ಹೆಚ್ಚಿಗೆ ತಂದು ಡ್ರೈವರಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಸ್ಟೋರು ತೆರೆಯುವ ತನಕ ಕಾಯಬೇಕಾಗಿಲ್ಲ.

ಎರಡನೆಯದು ಟ್ರೇಲರಿನ ಮೂಕಿ, ಅಂದರೆ ಟ್ರಾಕ್ಟರಿಗೆ ಸೇರುವ ಉದ್ದ ಕಬ್ಬಿಣ, ಮತ್ತು ಅದರ ತುದಿಯ ಬಳೆ. ಗುಂಡಗಿದ್ದ ಬಳೆ ಸವೆದು ಮೊಟ್ಟೆಯಾಕಾರವಾದರೆ ಒಳಗೆ ಪಿನ್ನು ಕುಣಿಯುತ್ತದೆ. ಪ್ರತಿ ಕುಣಿತವೂ ಸುತ್ತಿಗೆಯ ಏಟಿನ ಹಾಗೆ. ಮೂಕಿಯಲ್ಲಿ ವೆಲ್ಡಿಂಗ್ ಮಾಡಿದ ಜಾಗಗಳನ್ನು ಮಣ್ಣು ತೊಳೆದು ನೋಡಿರಿ. ಕೂದಲೆಳೆಯಷ್ಟು ಬಿರುಕು ಇದ್ದರೂ ಅದರಿಂದ ಕೆಂಪು ತುಕ್ಕಿನ ಗೆರೆ ಸೋರಿದಂತೆ ಕಾಣುತ್ತದೆ. ಆ ಕೆಂಪು ಗೆರೆ ಕಬ್ಬಿಣದ ಎಚ್ಚರಿಕೆಯ ಮಾತು. ಬಿರುಕಿನ ಮೇಲೆ ಸುಮ್ಮನೆ ವೆಲ್ಡಿಂಗ್ ಹಚ್ಚಿದರೆ ಕೀವು ತೆಗೆಯದೆ ಹುಣ್ಣಿಗೆ ಬಟ್ಟೆ ಸುತ್ತಿದಂತಾಗುತ್ತದೆ. ಬಿರುಕನ್ನು ತಳದ ತನಕ ಉಜ್ಜಿ ತೆಗೆದು, ಕೆಲಸ ಬಲ್ಲವನ ಕೈಯಿಂದ ತುಂಬಿಸಿ, ಪಟ್ಟಿ ಕೊಡಿಸಬೇಕು. ಅಲ್ಲಿಯವರೆಗೆ ಆ ಟ್ರೇಲರ್ ನಿಂತಿರಲಿ.

ಇಲ್ಲಿಯೇ ಇನ್ನೊಂದು ಮಾತು. ಟ್ರೇಲರನ್ನು ಟ್ರಾಕ್ಟರಿನ ಕೆಳಗಿನ ಡ್ರಾಬಾರಿಗೇ ಅಥವಾ ತಯಾರಕರು ಅದಕ್ಕೆಂದು ಕೊಟ್ಟ ಹುಕ್ಕಿಗೇ ಕಟ್ಟಬೇಕು. ಅಚ್ಚಿಗಿಂತ ಮೇಲಿನ ಯಾವ ಭಾಗಕ್ಕೂ ಹಗ್ಗವನ್ನಾಗಲಿ ಸರಪಳಿಯನ್ನಾಗಲಿ ಕಟ್ಟಿ ಎಳೆಯಬಾರದು. ಹಾಗೆ ಎಳೆದರೆ ಏರಿನಲ್ಲಿ ಟ್ರಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚಬಹುದು. ಡ್ರೈವರು ಕಾಲೆತ್ತಿ ಕ್ಲಚ್ಚು ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ.

ಮೂರನೆಯದು ರಕ್ಷಣಾ ಸರಪಳಿ. ಪಿನ್ನು ಹೋದರೂ ಟ್ರೇಲರ್ ಓಡಿಹೋಗದಂತೆ ಹಿಡಿಯುವುದು ಇದೇ. ಮೂಕಿಯ ಕೆಳಗೆ ಎರಡು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿದರೆ, ಮೂಕಿ ಕಳಚಿದಾಗ ನೆಲಕ್ಕೆ ಕುತ್ತದೆ ಆ ತೊಟ್ಟಿಲಿನ ಮೇಲೆ ಬೀಳುತ್ತದೆ. ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಬೇಕು, ನೆಲಕ್ಕೆ ಉಜ್ಜುವಷ್ಟು ಬೇಡ. ನಮ್ಮ ಆ ತೋಟದಲ್ಲಿ ಒಂದು ಸರಪಳಿ ಇದ್ದಿದ್ದರೆ ಆ ಹುಡುಗ ಇಂದು ಎರಡು ಕಾಲಿನಲ್ಲಿ ಓಡಾಡುತ್ತಿದ್ದನು.

ನಾಲ್ಕನೆಯದು ಚಕ್ರಗಳು. ಟೈರಿನ ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳತೆ ಮಾಡಬೇಕು. ಓಡಿ ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ. ಒದ್ದು ನೋಡುವುದು ಅಳತೆಯಲ್ಲ, ಗೇಜು ಇಟ್ಟು ನೋಡಿರಿ. ಎಡಬಲದ ಟೈರುಗಳ ಗಾಳಿ ಸಮನಾಗಿರಬೇಕು. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲಿಯೂ ಮಡಚಿ ಬಿಸಿಯಾಗಿ ಒಳಗಿನಿಂದ ಸಾಯುತ್ತದೆ. ಪಕ್ಕದಲ್ಲಿ ಉಬ್ಬು, ಸೀಳು, ಹೊರಗೆ ಕಾಣುವ ನೂಲು ಇವುಗಳಲ್ಲಿ ಒಂದು ಕಂಡರೂ ಆ ಟೈರು ಇಳಿಜಾರಿಗೆ ಬೇಡ. ನಟ್ಟುಗಳನ್ನು ನೋಡಿರಿ. ನಟ್ಟಿನ ಸುತ್ತ ತುಕ್ಕಿನ ಗೆರೆಯೋ ಹೊಳೆಯುವ ಉಂಗುರವೋ ಕಂಡರೆ ಅದು ಸಡಿಲಾಗಿ ಆಡುತ್ತಿದೆ. ಬಿಗಿಮಾಡುವಾಗ ಒಂದು ನಟ್ಟಿನ ನಂತರ ಅದರ ಎದುರಿನ ನಟ್ಟು, ಹೀಗೆ ಎದುರುಬದುರಾಗಿ ಬಿಗಿಯಬೇಕು. ಚಕ್ರ ಬದಲಾಯಿಸಿದ ದಿನ ಮೊದಲ ಸುತ್ತು ಮುಗಿಸಿ ಬಂದೊಡನೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು.

ಐದನೆಯದು ಚಕ್ರದ ಗುಂಬ ಮತ್ತು ಅದರ ಒಳಗಿನ ಬೇರಿಂಗು. ಇದು ಕಣ್ಣಿಗೆ ಕಾಣದ್ದು, ಆದದರಿಂದ ಹೆಚ್ಚು ಮರೆಯುವಂಥದ್ದು. ದಿನಾಲೂ ಬಿಚ್ಚಬೇಕಾಗಿಲ್ಲ. ಒಂದು ಸುತ್ತು ಮುಗಿಸಿ ಬಂದಾಗ ಎರಡು ಕಡೆಯ ಗುಂಬಗಳ ಹತ್ತಿರ ಮುಂಗೈಯ ಬೆನ್ನು ಹಿಡಿದು ನೋಡಿರಿ. ಒಂದು ಬೆಚ್ಚಗೆ, ಇನ್ನೊಂದು ಸುಡುವ ಹಾಗೆ ಇದ್ದರೆ ಸುಡುವದರ ಒಳಗೆ ಕಾಯಿಲೆ ಇದೆ. ತಿಂಗಳಿಗೊಮ್ಮೆ ಸಮನೆಲದಲ್ಲಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಜಾಕಿ ಹಾಕಿ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿರಿ. ಟಕ್ ಟಕ್ ಎಂದು ಆಡಿದರೆ ಬೇರಿಂಗು ಸಡಿಲ. ತಿರುಗಿಸಿದಾಗ ಮರಳು ಅರೆದ ಸದ್ದು ಬಂದರೆ ಬೇರಿಂಗು ಹಾಳು. ಬರೀ ಜಾಕಿಯನ್ನು ನಂಬಿ ಯಾರೂ ಕೆಳಗೆ ತೂರಬೇಡಿರಿ.

ವರುಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಬೇರಿಂಗನ್ನು ಬಿಚ್ಚಿ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸನ್ನು ಉರುಳೆಗಳ ಸಂದಿಗೆ ಅಂಗೈಯಿಂದ ಒತ್ತಿ ತುಂಬಬೇಕು. ಮೇಲೆ ಸವರಿದರೆ ಸಾಲದು. ಹಳ್ಳ ದಾಟುವ ಟ್ರೇಲರಿಗೆ ಇದನ್ನು ಇನ್ನೂ ಬೇಗ ಮಾಡಬೇಕು. ಯಾಕಂದರೆ ಬಿಸಿಯಾದ ಗುಂಬ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಹೀರುತ್ತದೆ. ಕಡಲ ತೀರದಲ್ಲಿ ದೋಣಿ ಇಳಿಸುವ ಟ್ರೇಲರುಗಳಿಗೂ ಇದೇ ಕಾಯಿಲೆ. ಅಲ್ಲಿ ಉಪ್ಪುನೀರಾದ್ದರಿಂದ ಇನ್ನೂ ಬೇಗ ತಿನ್ನುತ್ತದೆ. ಗುಂಬ ತಣ್ಣಗಾದ ಮೇಲೆ ನೀರಿಗೆ ಇಳಿಸುವುದು ದೋಣಿಯವರಿಗೂ ನಮಗೂ ಒಂದೇ ಉಪಾಯ. ಕಡೆಗೆ ಅಚ್ಚಿನ ನಟ್ಟಿಗೆ ಹಾಕುವ ಸ್ಪ್ಲಿಟ್ ಪಿನ್ನು. ಒಮ್ಮೆ ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ಹಾಕಬಾರದು, ಹೊಸದೇ ಬೇಕು. ನಮ್ಮ ಅಜ್ಜಂದಿರು ಮುಟ್ಟಿ ನೋಡುತ್ತಿದ್ದ ಕಡಾಣಿಯ ಕೆಲಸವನ್ನೇ ಇದು ಮಾಡುತ್ತದೆ.

ಆರನೆಯದು ಮೈ. ಪಟ್ಟಿ ಸ್ಪ್ರಿಂಗಿನಲ್ಲಿ ಒಂದು ಎಲೆ ಮುರಿದರೂ ಟ್ರೇಲರ್ ಒಂದು ಮಗ್ಗುಲಿಗೆ ವಾಲುತ್ತದೆ. ಸಮನೆಲದಲ್ಲಿ ನಿಲ್ಲಿಸಿ ಹಿಂದೆ ನಿಂತು ನೋಡಿದರೆ ಮಕ್ಕಳಿಗೂ ಕಾಣುತ್ತದೆ. ಹಲಗೆ ಕೊಳೆತಿದೆಯೇ, ಹಿಂದಿನ ಬಾಗಿಲಿನ ಎರಡು ಕೊಂಡಿಗಳೂ ಕೂತಿವೆಯೇ ನೋಡಿರಿ.

ಏಳನೆಯದು ಬೆಳಕು. ನಮ್ಮ ಬೆಟ್ಟದಲ್ಲಿ ಮಂಜು ಇಳಿದರೆ ಹತ್ತು ಮಾರು ಆಚೆ ಕಾಣುವುದಿಲ್ಲ. ಹಿಂದೆ ಬರುವ ಲಾರಿಯವನಿಗೆ ಟ್ರಾಕ್ಟರಿನ ದೀಪ ಟ್ರೇಲರಿನ ಮರೆಯಲ್ಲಿರುತ್ತದೆ. ಟ್ರೇಲರಿಗೆ ಸ್ವಂತ ಕೆಂಪು ದೀಪ, ಬ್ರೇಕಿನ ದೀಪ, ಹೊಳೆಯುವ ಕೆಂಪು ಪಟ್ಟಿ ಬೇಕು. ಇದ್ದರೂ ಮಣ್ಣು ಮೆತ್ತಿದ್ದರೆ ಇಲ್ಲದ ಹಾಗೆಯೇ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿರಿ.

ಇವೆಲ್ಲಕ್ಕೂ ಎಷ್ಟು ಹೊತ್ತು ಬೇಕು? ಬೇರಿಂಗಿನ ಕೆಲಸ ಬಿಟ್ಟು ಉಳಿದದ್ದನ್ನು ನಾವು ಗಡಿಯಾರ ಇಟ್ಟುಕೊಂಡು ಮಾಡಿ ನೋಡಿದ್ದೇವೆ. ಹತ್ತು ನಿಮಿಷ ಸಾಕು.

ಈಗ ಸರಕು ಹೇರುವ ವಿಷಯ. ಎರಡು ಚಕ್ರದ ಟ್ರೇಲರಿನಲ್ಲಿ ಭಾರವೆಲ್ಲ ಹಿಂದೆ ಬಿದ್ದರೆ ಮೂಕಿ ಮೇಲೆದ್ದು ಟ್ರಾಕ್ಟರಿನ ಹಿಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಭಾರವೆಲ್ಲ ತೀರಾ ಮುಂದೆ ಬಿದ್ದರೆ ಟ್ರಾಕ್ಟರಿನ ಮುಂದಿನ ಚಕ್ರ ಹಗುರವಾಗಿ ಸ್ಟೀರಿಂಗು ಕೇಳುವುದಿಲ್ಲ. ಆದದರಿಂದ ಭಾರ ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೆ ಇರಲಿ, ಎಡಬಲ ಸಮನಾಗಿರಲಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಎತ್ತರಕ್ಕೆ ಪೇರಿಸಿದ ಸೌದೆ ತಿರುವಿನಲ್ಲಿ ಟ್ರೇಲರನ್ನು ಮಗುಚಿಸುತ್ತದೆ. ನೀರಿನ ಟ್ಯಾಂಕು ಅರ್ಧ ತುಂಬಿದ್ದರೆ ನೀರು ಅತ್ತಿತ್ತ ನುಗ್ಗಿ ಟ್ರೇಲರನ್ನು ಅಲ್ಲಾಡಿಸುತ್ತದೆ. ಅಂಥದನ್ನು ಪೂರಾ ತುಂಬಿಸಿರಿ ಅಥವಾ ಖಾಲಿ ಒಯ್ಯಿರಿ. ಪೂರಾ ತುಂಬಿದ ಟ್ಯಾಂಕಿನ ಭಾರ ಟ್ರೇಲರು ತಾಳುವಷ್ಟರೊಳಗೆ ಇರಬೇಕೆಂಬುದನ್ನೂ ಮರೆಯಬೇಡಿರಿ.

ಓಡಿಸುವ ಸಹೋದರರಿಗೆ ಮೂರು ಮಾತು. ಟ್ರಾಕ್ಟರಿಗೆ ಎಡಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕು ಪೆಡಲು ಇರುವುದು ಹೊಲದಲ್ಲಿ ತಿರುಗಿಸುವುದಕ್ಕಾಗಿ. ದಾರಿಗೆ ಬಂದಾಗ ಎರಡನ್ನೂ ಕೂಡಿಸುವ ಚಿಲಕ ಹಾಕಲೇಬೇಕು. ಹಾಕದೆ ಓಡುವಾಗ ಒಂದೇ ಪೆಡಲು ಒತ್ತಿದರೆ ಟ್ರಾಕ್ಟರು ಒಂದು ಕಡೆಗೆ ಎಳೆದುಕೊಂಡು, ಹಿಂದಿನ ಟ್ರೇಲರು ಮುಂದೆ ನುಗ್ಗಿ, ಚೂರಿ ಮಡಚಿದಂತೆ ಎರಡೂ ಮಡಚಿಕೊಳ್ಳುತ್ತವೆ. ಎರಡನೆಯದು, ಇಳಿಜಾರಿಗೆ ಗೇರನ್ನು ಮೇಲೆಯೇ ಆರಿಸಿಕೊಳ್ಳಬೇಕು. ಕಲ್ಹಟ್ಟಿಯ ೩೬ ತಿರುವುಗಳನ್ನು ಇಳಿದವರಿಗೆ ಇದು ಗೊತ್ತು. ನಡುವೆ ಹೋಗಿ ಗೇರು ಬದಲಾಯಿಸಲು ಕ್ಲಚ್ಚು ಒತ್ತಿದರೆ ಇಂಜಿನಿನ ಹಿಡಿತ ತಪ್ಪಿ ಟ್ರೇಲರಿನ ಕೈ ಮೇಲಾಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಬಿಡುವವರು ಜೀವವನ್ನೇ ಪಣಕ್ಕಿಟ್ಟಂತೆ. ಮೂರನೆಯದು, ಟ್ರೇಲರ್ ಸೇರಿಸಲು ಟ್ರಾಕ್ಟರನ್ನು ಹಿಂದಕ್ಕೆ ತರುವಾಗ ಎರಡರ ನಡುವೆ ಯಾರನ್ನೂ ನಿಲ್ಲಗೊಡಬೇಡಿರಿ. ಟ್ರಾಕ್ಟರು ಪೂರಾ ನಿಂತು, ಬ್ರೇಕು ಹಾಕಿದ ಮೇಲೆಯೇ ಪಿನ್ನು ಹಾಕುವವನು ಒಳಗೆ ಬರಲಿ.

ನಿಲ್ಲಿಸಿದ ಟ್ರೇಲರೂ ಅಪಾಯವೇ. ಲೈನಿನ ಮಕ್ಕಳಿಗೆ ಅದು ಜಾರುಬಂಡೆ, ಅದೇ ರೈಲುಗಾಡಿ. ಕಲ್ಲಿನ ಅಡೆ ಜಾರುತ್ತದೆ. ಮರದ ಮುಮ್ಮೂಲೆ ಅಡೆಗಳನ್ನು ಮಾಡಿಸಿ ಸರಪಳಿಯಿಂದ ಟ್ರೇಲರಿಗೇ ಕಟ್ಟಿ ಇಟ್ಟರೆ ಕಳೆದುಹೋಗದು. ಅಡೆ ಕೊಟ್ಟ ಮೇಲೆಯೇ ಪಿನ್ನು ತೆಗೆಯಬೇಕು. ತಾಯಂದಿರೇ, ನಿಮ್ಮ ಮಕ್ಕಳು ಅಡೆಯನ್ನು ಎಳೆದು ಆಡದಂತೆ ಗದರಿಸಿರಿ.

ಇನ್ನು ಕಷ್ಟದ ಮಾತು. ಟ್ರೇಲರಿನಲ್ಲಿ ಜನರು ಕೂತು ಹೋಗುವುದು. ಟ್ರೇಲರ್ ಸರಕಿಗೆಂದು ಮಾಡಿದ್ದು. ಅದರಲ್ಲಿ ಕೂರಲು ಸೀಟಿಲ್ಲ, ಹಿಡಿಯಲು ಕಂಬಿಯಿಲ್ಲ, ಮಗುಚಿದರೆ ಕಾಪಾಡಲು ಸೂರಿಲ್ಲ. ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂರುವುದಂತೂ ದೊಡ್ಡ ಚಕ್ರದ ಬಾಯಿಗೆ ಕಾಲು ಚಾಚಿ ಕೂತಂತೆ. ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿ ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು ೨೦೦೨ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಅಂದರೆ ಅಪಘಾತವಾದ ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಕುಟುಂಬಕ್ಕೆ ವಿಮೆಯ ಹಣದ ಆಸರೆಯೂ ತಪ್ಪಬಹುದು. ನಡೆದು ಹೋಗಲು ದೂರ, ಬೇರೆ ವಾಹನ ಕೊಡುವುದಿಲ್ಲ, ಹತ್ತದಿದ್ದರೆ ಅರ್ಧ ದಿನದ ಕೂಲಿ ಹೋಗುತ್ತದೆ ಎಂದು ಸಹೋದರಿಯರು ಹೇಳುವುದು ನಮಗೆ ಗೊತ್ತಿದೆ. ಆದದರಿಂದಲೇ ಇದನ್ನು ಒಬ್ಬೊಬ್ಬರಾಗಿ ಹೇಳದೆ ಎಲ್ಲರೂ ಕೂಡಿ ಕೇಳಬೇಕು. ಫೀಲ್ಡಿಗೆ ಜನರನ್ನು ಒಯ್ಯಲು ಸೀಟಿರುವ ವಾಹನ ಕೊಡಿರೆಂದು ಬರೆದು ಸಹಿ ಮಾಡಿ ಆಫೀಸಿಗೆ ಕೊಡೋಣ.

ಕಾನೂನಿನಲ್ಲಿ ನಾವು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೯೦ನೆಯ ಕಲಮು ಟ್ರೇಲರನ್ನು ಹೆಸರೆತ್ತಿಯೇ ಹೇಳುತ್ತದೆ. ಅಪಾಯ ತರುವಂಥ ದೋಷವಿರುವ ವಾಹನವನ್ನಾಗಲಿ ಟ್ರೇಲರನ್ನಾಗಲಿ ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಅಪರಾಧ. ಓಡಿಸಿದವನದು ಮಾತ್ರವಲ್ಲ, ಓಡಿಸಲು ಹೇಳಿದವನದು, ಓಡಿಸಲು ಬಿಟ್ಟವನದು ಕೂಡ. ದೋಷ ನನಗೆ ಗೊತ್ತಿರಲಿಲ್ಲ ಎಂದರೆ ಸಾಲದು. ಸಾಮಾನ್ಯ ಜಾಗ್ರತೆಯಿಂದ ನೋಡಿದ್ದರೆ ಗೊತ್ತಾಗುತ್ತಿತ್ತೇ ಎಂದು ಕಾನೂನು ಕೇಳುತ್ತದೆ. ನಾವು ಇಷ್ಟು ಹೊತ್ತು ಹೇಳಿದ್ದೆಲ್ಲ ಆ ಸಾಮಾನ್ಯ ಜಾಗ್ರತೆಯೇ. ಸವೆದ ಪಿನ್ನು, ಕೆಂಪು ಗೆರೆ, ಸುಡುವ ಗುಂಬ ಇವನ್ನು ಕಾಣಲು ಇಂಜಿನಿಯರು ಬೇಕಾಗಿಲ್ಲ. ತೋಟದೊಳಗಿನ ಮಣ್ಣುದಾರಿಯಲ್ಲಿ ಪೊಲೀಸರು ನಿಲ್ಲುವುದಿಲ್ಲ, ನಿಜ. ಆದರೆ ಇಳಿಜಾರು ಅಲ್ಲಿಯೂ ಇಳಿಜಾರೇ.

ಆ ಹುಡುಗನ ಅಪಘಾತದ ಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ಅದನ್ನು ನೀವೂ ನಿಮ್ಮ ತೋಟಗಳಲ್ಲಿ ಮಾಡಬಹುದು. ಒಂದು ನೋಟ್‌ಬುಕ್ಕು ಇಟ್ಟೆವು. ತಾರೀಕು, ಟ್ರೇಲರಿನ ನಂಬರು, ಏನು ಕಂಡಿತು, ಯಾರಿಗೆ ಹೇಳಿದೆವು, ಏನು ಮಾಡಿದರು ಎಂದು ದಿನಾಲೂ ಬರೆಯುತ್ತೇವೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಸರಿಯಿಲ್ಲವೆಂದು ಬರೆದ ಟ್ರೇಲರಿನ ಮೂಕಿಗೆ ಕೆಂಪು ಬಟ್ಟೆ ಕಟ್ಟುತ್ತೇವೆ. ಆ ಬಟ್ಟೆಯನ್ನು ಸರಿಮಾಡಿದವನೇ ಬಿಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿ ನಿಲ್ಲಿಸಿರಿ ಎಂದವರನ್ನು ಯಾರೂ ಬೈಯಬಾರದೆಂದು ಗೊತ್ತುಮಾಡಿದೆವು. ಹೇಳಿದ್ದು ತಪ್ಪಾಗಿದ್ದರೂ ಬೈಯಬಾರದು. ಹತ್ತು ಸಲ ಸುಮ್ಮನೆ ನಿಲ್ಲಿಸಿದರೆ ಹತ್ತು ಸಲ ಹತ್ತು ನಿಮಿಷ ಹೋದೀತು. ಒಂದು ಸಲ ನಿಲ್ಲಿಸದಿದ್ದರೆ ಏನು ಹೋಗುತ್ತದೆಂದು ನಾವು ಕಂಡಿದ್ದೇವೆ.

ಮೊದಮೊದಲು ಮೇಸ್ತ್ರಿ ಗೊಣಗಿದನು. ಫ್ಯಾಕ್ಟರಿಗೆ ಸೊಪ್ಪು ತಡವಾಗುತ್ತದೆಂದನು. ಒಂದು ದಿನ ಸೊಪ್ಪು ಕೀಳುವ ಒಬ್ಬ ಅಜ್ಜಿಯೇ ಅವನನ್ನು ಕರೆದು, ಚಕ್ರದ ನಟ್ಟಿನ ಸುತ್ತ ಹೊಳೆಯುತ್ತಿದ್ದ ಉಂಗುರವನ್ನು ಬೆರಳಿಟ್ಟು ತೋರಿಸಿದಳು. ಸ್ಪ್ಯಾನರ್ ಹಾಕಿದಾಗ ಐದರಲ್ಲಿ ಮೂರು ನಟ್ಟು ಕೈಯಲ್ಲೇ ತಿರುಗಿದವು. ಅಂದಿನಿಂದ ಅವನೇ ನೋಟ್‌ಬುಕ್ಕು ತರಿಸಿ ನೋಡುತ್ತಾನೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬುದು ನಮ್ಮ ಹಿರಿಯರ ಮಾತು. ನಾವು ಹಾಗೆಯೇ ಮಾಡಿದವರು. ಬಾಗಿಲು ತಡವಾಗಿ ಹಾಕಿದವರ ಮಾತನ್ನು, ಇನ್ನೂ ಹೊತ್ತಿರುವ ನೀವು ಕೇಳಬೇಕೆಂದು ಬೇಡುತ್ತೇವೆ. ಟ್ರೇಲರು ಒಮ್ಮೆಗೇ ಮುರಿಯುವುದು ಅಪರೂಪ. ಸಾಮಾನ್ಯವಾಗಿ ಅದು ಮುಂಚೆಯೇ ಸದ್ದಿನಿಂದ, ಬಿಸಿಯಿಂದ, ತುಕ್ಕಿನ ಗೆರೆಯಿಂದ ನಮಗೆ ಹೇಳುತ್ತದೆ. ಕಂಡವರು ಸುಮ್ಮನಿರಬಾರದು.

ನಾಳೆ ಬೆಳಿಗ್ಗೆ ಗಂಟೆ ಹೊಡೆದಾಗ, ಕೈಯಲ್ಲಿ ಬುತ್ತಿ ಹಿಡಿದು ನಿಂತಾಗ, ಒಮ್ಮೆ ಬಗ್ಗಿ ಆ ಪಿನ್ನಿನ ಕೆಳಗೆ ನೋಡಿರಿ. ಕ್ಲಿಪ್ಪು ಇದೆಯೇ? ಇಲ್ಲದಿದ್ದರೆ ಗಟ್ಟಿಯಾಗಿ ಹೇಳಿರಿ.